ಅಭಿಮಾನಕ್ಕೊಂದು ವಿಳಾಸ

ನೆಚ್ಚಿನ ನಟ ‘ನನ್ನ ಮೇಲೆ ಪ್ರೀತಿಯಿದ್ದರೆ ಈ ಕೆಲಸಕ್ಕೆ ಕೈಜೋಡಿಸಿ’ ಎಂದಾಗ ಅಭಿಮಾನಿ ಏನು ವಿಚಾರಿಸಬೇಕು, ಹೇಗೆ ಮುಂದುವರಿಯಬೇಕು, ಎಲ್ಲಿ ಎಚ್ಚರವಾಗಿರಬೇಕು? ನೇತ್ರದಾನದ ಅರ್ಜಿಯಿಂದ ದೇಣಿಗೆಯ ರಸೀದಿವರೆಗೆ ಒಂದು ಕೈಪಿಡಿ.

ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕನ್ನು 1994ರಲ್ಲಿ ಉದ್ಘಾಟಿಸಿದ ಡಾ. ರಾಜ್‌ಕುಮಾರ್, ಟೇಪು ಕತ್ತರಿಸುವುದಕ್ಕಷ್ಟೇ ನಿಲ್ಲಲಿಲ್ಲ. ತಮ್ಮ ಮತ್ತು ತಮ್ಮ ಕುಟುಂಬದ ಎಲ್ಲರ ಕಣ್ಣುಗಳನ್ನೂ ದಾನ ಮಾಡುವುದಾಗಿ ಮಾತು ಕೊಟ್ಟರು. ಆ ಮಾತು ಪರೀಕ್ಷೆಗೆ ಬಂದದ್ದು ಹನ್ನೆರಡು ವರ್ಷಗಳ ನಂತರ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರು ಹೊತ್ತಿ ಉರಿಯಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಗಲಭೆಯಲ್ಲಿ ಜೀವಗಳೂ ಹೋದವು. ಅಂಥ ದಿನವೂ ಮನೆಯವರು ಮಾತು ಮರೆಯಲಿಲ್ಲ. ರಾಜ್‌ಕುಮಾರ್ ಕಣ್ಣುಗಳು ಇಬ್ಬರಿಗೆ ದೃಷ್ಟಿಯಾದವು. 2017ರ ಮೇ 31ರಂದು ಅವರ ಪತ್ನಿ ಪಾರ್ವತಮ್ಮ ರಾಜ್‌ಕುಮಾರ್ ನಿಧನರಾದಾಗಲೂ ಹಾಗೆಯೇ ಆಯಿತು. 2021ರ ಅಕ್ಟೋಬರ್ 29ರಂದು, ಕೇವಲ 46ನೇ ವಯಸ್ಸಿನಲ್ಲಿ ಕಿರಿಯ ಮಗ, ನಟ ಪುನೀತ್ ಹೃದಯಾಘಾತದಿಂದ ಹೋದಾಗ, ಮನೆಗೆ ಸಿಡಿಲು ಬಡಿದಂತಿದ್ದ ಆ ಹೊತ್ತಿನಲ್ಲೂ ಹಾಗೆಯೇ ಆಯಿತು.

ಪುನೀತ್ ಕಣ್ಣುಗಳಿಂದ ನಾಲ್ವರು ಯುವಜನರಿಗೆ ದೃಷ್ಟಿ ಬಂತು. ಸಾಮಾನ್ಯವಾಗಿ ಒಂದು ಕಾರ್ನಿಯಾ ಒಬ್ಬರಿಗೆ. ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟಿ ಅವರ ತಂಡ ಪ್ರತಿ ಕಾರ್ನಿಯಾವನ್ನೂ ಪದರವಾಗಿ ಬಿಡಿಸಿ, ಮುಂಭಾಗದ ಪದರವನ್ನು ಒಬ್ಬರಿಗೆ, ಹಿಂಭಾಗದ ಪದರವನ್ನು ಇನ್ನೊಬ್ಬರಿಗೆ ಕಸಿ ಮಾಡಿತು. ಆಮೇಲೆ ನೇತ್ರ ಬ್ಯಾಂಕುಗಳಿಗೆ ಜನ ಹರಿದು ಬಂದರು. ಊರೂರಲ್ಲಿ ಅಭಿಮಾನಿ ಸಂಘಗಳು ಶಿಬಿರ ನಡೆಸಿದವು. ಸಾವಿರಾರು ಮಂದಿ ಅರ್ಜಿ ತುಂಬಿದರು.

ಈ ಮೂರು ಸಾವುಗಳಿಂದ ಅಭಿಮಾನಿಗಳು ಕಲಿಯಬೇಕಾದ ಪಾಠ ಒಂದೇ. ನಟ ಕರೆ ಕೊಡುವುದು ವೇದಿಕೆಯಲ್ಲಿ, ಆ ಕೆಲಸ ಆಗುವುದು ಮನೆಯಲ್ಲಿ. 1994ರ ಮಾತನ್ನು 2006ರಲ್ಲಿ ನಡೆಸಿದ್ದು ಅರ್ಜಿಯ ಮೇಲಿನ ಸಹಿಯಲ್ಲ. ಮನೆಯ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು, ಯಾರಿಗೆ ಫೋನ್ ಮಾಡಬೇಕೆಂಬುದೂ ತಿಳಿದಿತ್ತು. ಯಾವ ಸತ್ಕಾರ್ಯಕ್ಕೆ ಕೈ ಹಾಕಿದರೂ ಈ ಎರಡು ಸಿದ್ಧತೆ ಇಲ್ಲದಿದ್ದರೆ ಅಭಿಮಾನ ಫೋಟೊ ತೆಗೆಸಿಕೊಳ್ಳುವಲ್ಲಿಗೇ ಮುಗಿಯುತ್ತದೆ.

ಮೊದಲು ಕರೆಯ ಹಿಂದಿನ ಕಾರಣ ನೋಡಿ

ನಟರು ಕೊಡುವ ಕರೆಗಳಲ್ಲಿ ಎರಡು ಬಗೆ. ಒಂದು, ಯಾರೋ ಕೇಳಿದರೆಂದು ಒಂದು ದಿನಕ್ಕೆ ಹೇಳಿ ಮರೆಯುವಂಥದು. ಇನ್ನೊಂದು, ಅವರ ಬದುಕಿನೊಳಗಿಂದಲೇ ಬಂದದ್ದು. ಎರಡನೆಯದು ಬಹುಕಾಲ ಬಾಳುತ್ತದೆ. ಹಾಲಿವುಡ್‌ನ ಮೈಕೆಲ್ ಜೆ. ಫಾಕ್ಸ್‌ಗೆ ಪಾರ್ಕಿನ್ಸನ್ ಕಾಯಿಲೆ ಇರುವುದು 1991ರಲ್ಲಿ ಪತ್ತೆಯಾಯಿತು. 1998ರಲ್ಲಿ ಅದನ್ನು ಬಹಿರಂಗಪಡಿಸಿದ ಅವರು, 2000ದಲ್ಲಿ ಆ ಕಾಯಿಲೆಯ ಸಂಶೋಧನೆಗೆಂದೇ ಪ್ರತಿಷ್ಠಾನ ಕಟ್ಟಿದರು. ನೆರೆಯ ಹೈದರಾಬಾದಿನಲ್ಲಿ ಚಿರಂಜೀವಿ 1998ರ ಅಕ್ಟೋಬರ್ 2ರಂದು ಆರಂಭಿಸಿದ ಟ್ರಸ್ಟ್ ರಕ್ತನಿಧಿಯನ್ನೂ ನೇತ್ರನಿಧಿಯನ್ನೂ ನಡೆಸುತ್ತದೆ. ಅಭಿಮಾನಿಗಳೇ ಅದರ ಬೆನ್ನೆಲುಬು. ತಮಿಳು ನಟ ಸೂರ್ಯ 2006ರಲ್ಲಿ ಆರಂಭಿಸಿದ ಅಗರಂ ಪ್ರತಿಷ್ಠಾನ ಬಡ ಮನೆಗಳ ಮೊದಲ ತಲೆಮಾರಿನ ವಿದ್ಯಾರ್ಥಿಗಳನ್ನು ಕಾಲೇಜು ಹತ್ತಿಸುತ್ತಿದೆ. ನಮ್ಮಲ್ಲಿ ಪಾರ್ವತಮ್ಮ ಮುಂದೆ ನಿಂತು ಬೆಳೆಸಿದ ಮೈಸೂರಿನ ಶಕ್ತಿಧಾಮ ನೊಂದ ಹೆಣ್ಣುಮಕ್ಕಳಿಗೆ ನೆಲೆ ಕೊಟ್ಟಿದೆ. ಈಗ ಅವರ ಸೊಸೆ ಗೀತಾ ಶಿವರಾಜ್‌ಕುಮಾರ್ ಅದರ ಹೊಣೆ ಹೊತ್ತಿದ್ದಾರೆ.

ಹಾಗಾಗಿ ಕರೆ ಬಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸಕ್ಕೂ ಆ ನಟನಿಗೂ ಏನು ನಂಟು? ಕೆಲಸ ನಡೆಸುವವರು ಯಾರು? ಮುಂದಿನ ವರ್ಷವೂ ಅದು ಇರುತ್ತದೆಯೇ? ಅವರಿಗೆ ಬೇಕಾಗಿರುವುದು ಹಣವೋ, ರಕ್ತವೋ, ಸಮಯವೋ? ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ.

ಪ್ರೀತಿಗೆ ವಿಳಾಸ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ನಾಡಿನಲ್ಲೇ ಕಹಿ ಉದಾಹರಣೆಯಿದೆ. 2024ರ ಜನವರಿಯಲ್ಲಿ, ಯಶ್ ಹುಟ್ಟುಹಬ್ಬದ ಮುನ್ನಾರಾತ್ರಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸಲು ಹೋಗಿ ವಿದ್ಯುತ್ ತಗುಲಿ ಮೂವರು ಹುಡುಗರು ಸತ್ತರು. ಆ ಊರಿಗೆ ಹೋದ ಯಶ್, ಬ್ಯಾನರು ಕಟ್ಟುವ ಅಭಿಮಾನ ತಮಗೆ ಬೇಡವೆಂದು ಕೈಮುಗಿದು ಕೇಳಿಕೊಂಡರು. ಇದೇ ನಟ ತಮ್ಮ ಯಶೋಮಾರ್ಗ ಪ್ರತಿಷ್ಠಾನದ ಮೂಲಕ ಕೊಪ್ಪಳ ಜಿಲ್ಲೆಯ ತಲ್ಲೂರು ಕೆರೆಯ ಹೂಳೆತ್ತಿಸಿದವರು. ಫ್ಲೆಕ್ಸು, ಪಟಾಕಿ, ಹಾಲಿನ ಅಭಿಷೇಕಕ್ಕೆ ಸಂಘ ಎತ್ತುವ ವಂತಿಗೆಯಲ್ಲಿ ಇಂಥ ಕೆಲಸಕ್ಕೆ ಪಾಲು ತೆಗೆದಿಟ್ಟರೆ ಅಭಿಮಾನವೇನೂ ಕಡಿಮೆಯಾಗದು.

ಕಣ್ಣು: ಆರು ಗಂಟೆಯೊಳಗಿನ ಕೆಲಸ

ನೇತ್ರದಾನ ಮಾಡುವುದೆಂದರೆ ಎರಡು ಹಂತ. ಬದುಕಿರುವಾಗ ಒಪ್ಪಿಗೆಪತ್ರ ತುಂಬುವುದು ಮೊದಲನೆಯದು. ಸತ್ತ ಮೇಲೆ ಮನೆಯವರು ನೇತ್ರ ಬ್ಯಾಂಕಿಗೆ ಫೋನ್ ಮಾಡುವುದು ಎರಡನೆಯದು. ಮೊದಲನೆಯದು ನಡೆದು ಎರಡನೆಯದು ನಡೆಯದಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ. ಮೊದಲನೆಯದು ನಡೆಯದೆ ಎರಡನೆಯದು ನಡೆದರೂ ದಾನವಾಗುತ್ತದೆ. ತೀರಿಕೊಂಡವರು ಯಾವ ಪತ್ರವನ್ನೂ ತುಂಬಿರದಿದ್ದರೂ ಹತ್ತಿರದ ಬಂಧುಗಳು ಒಪ್ಪಿದರೆ ಸಾಕು.

ಯಾರು ಕೊಡಬಹುದು? ಕನ್ನಡಕ ಹಾಕುವವರು, ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು ಎಲ್ಲರೂ ಕೊಡಬಹುದು. ವಯಸ್ಸಾಯಿತೆಂದು ಹಿಂಜರಿಯಬೇಕಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತದ ಕ್ಯಾನ್ಸರ್, ತೀವ್ರ ಸೋಂಕು ಮುಂತಾದವು ಇದ್ದವರ ಕಣ್ಣನ್ನು ಕಸಿಗೆ ಬಳಸುವುದಿಲ್ಲ. ಅನುಮಾನವಿದ್ದರೆ ನೀವೇ ತೀರ್ಮಾನಿಸಬೇಡಿ. ಫೋನ್ ಮಾಡಿ, ಅವರು ನಿರ್ಧರಿಸಲಿ.

ಸಾವಿನ ನಂತರ ಮನೆಯವರು ಮಾಡಬೇಕಾದ್ದು ಇಷ್ಟು.

• ಆದಷ್ಟು ಬೇಗ ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಆರು ಗಂಟೆಯೊಳಗೆ ಕಣ್ಣು ತೆಗೆದಿರಬೇಕು, ಬೇಗ ಆದಷ್ಟೂ ಒಳ್ಳೆಯದು.
• ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಕಾರ್ನಿಯಾ ಒಣಗಬಾರದು.
• ತಲೆಯ ಕೆಳಗೆ ದಿಂಬಿಟ್ಟು ತುಸು ಎತ್ತರಿಸಿ.
• ಫ್ಯಾನ್ ಆರಿಸಿ. ಏಸಿ ಇದ್ದರೆ ಹಾಕಿ.
• ಮರಣದ ದೃಢೀಕರಣ ಪತ್ರ ಕೈಗೆ ಸಿಗುವಂತಿರಲಿ. ಒಪ್ಪಿಗೆಗೆ ಸಹಿ ಹಾಕುವ ಬಂಧು ಮತ್ತು ಇಬ್ಬರು ಸಾಕ್ಷಿಗಳು ಸ್ಥಳದಲ್ಲಿರಲಿ.

ಶವವನ್ನು ಎಲ್ಲಿಗೂ ಸಾಗಿಸಬೇಕಿಲ್ಲ, ತಂಡವೇ ಮನೆಗೆ ಬರುತ್ತದೆ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಮುಖ ವಿಕಾರವಾಗುವುದಿಲ್ಲ, ಅಂತಿಮ ದರ್ಶನಕ್ಕಾಗಲಿ ಸಂಸ್ಕಾರಕ್ಕಾಗಲಿ ಅಡ್ಡಿಯಿಲ್ಲ. ಕುಟುಂಬ ಒಂದು ರೂಪಾಯಿ ಕೊಡಬೇಕಿಲ್ಲ, ಪಡೆಯುವಂತೆಯೂ ಇಲ್ಲ. ಅಪಘಾತ ಮುಂತಾದ ಪೊಲೀಸ್ ಪ್ರಕರಣಗಳಲ್ಲೂ ತನಿಖಾಧಿಕಾರಿಯ ಒಪ್ಪಿಗೆ ಪಡೆದು ದಾನ ಮಾಡಲು ಸಾಧ್ಯವಿದೆ. ಕಣ್ಣು ಯಾರಿಗೆ ಹೋಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಕಾರ್ನಿಯಾ ಹಾಳಾಗಿ ದೃಷ್ಟಿ ಹೋದವರಿಗಷ್ಟೇ ಈ ಕಸಿ ನೆರವಾಗುತ್ತದೆ. ಗ್ಲಾಕೋಮಾದಿಂದಲೋ ರೆಟಿನಾ ತೊಂದರೆಯಿಂದಲೋ ಕುರುಡಾದವರಿಗೆ ಇದರಿಂದ ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ನಾರಾಯಣ ನೇತ್ರಾಲಯ, ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಸೇರಿ ಹಲವೆಡೆ ನೇತ್ರ ಬ್ಯಾಂಕುಗಳಿವೆ. ನಿಮ್ಮ ಊರಿಗೆ ಹತ್ತಿರದ್ದು ಯಾವುದೆಂದು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿ. ಆ ನಂಬರನ್ನು ಮನೆಯ ಇಬ್ಬರ ಫೋನಿನಲ್ಲಾದರೂ ‘ಕಣ್ಣು’ ಎಂಬ ಹೆಸರಿನಲ್ಲೇ ಸೇರಿಸಿಡಿ. ದುಃಖದ ಹೊತ್ತಿನಲ್ಲಿ ಆಸ್ಪತ್ರೆಯ ಹೆಸರು ನೆನಪಾಗುವುದಿಲ್ಲ.

ಇಲ್ಲೊಂದು ಗಂಭೀರ ಮಾತು. ಪುನೀತ್ ಸತ್ತ ದಿನಗಳಲ್ಲಿ ಕೆಲವು ಅಭಿಮಾನಿಗಳು ದುಃಖ ತಾಳಲಾರದೆ ಜೀವ ಕಳೆದುಕೊಂಡರು. ಹಾಗೆ ಮಾಡಬೇಡಿ, ನಿಮ್ಮ ಮನೆಯವರನ್ನು ನೆನೆಯಿರಿ ಎಂದು ರಾಜ್ ಕುಟುಂಬವೇ ಬೇಡಿಕೊಂಡಿತು. ನೇತ್ರದಾನ ಪೂರ್ಣ ಆಯುಸ್ಸು ಬಾಳಿದ ಮೇಲಿನ ಮಾತು. ಸಂಘದಲ್ಲಿ ಯಾರಾದರೂ ತೀರಾ ಕುಗ್ಗಿದಂತೆ ಕಂಡರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಅಂಗಾಂಗ: ಆಸ್ಪತ್ರೆಯಲ್ಲಿ ಮಾತ್ರ

‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಕೋವಿಡ್ ಕಾಲದಲ್ಲಿ ಜನರಿಗೆ ನೆರವು ತಲುಪಿಸಲು ಓಡಾಡುತ್ತಿದ್ದವರು. 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ಅವರ ಮೆದುಳು ನಿಷ್ಕ್ರಿಯವಾದಾಗ, ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು.

ನೇತ್ರದಾನಕ್ಕೂ ಅಂಗಾಂಗ ದಾನಕ್ಕೂ ವ್ಯತ್ಯಾಸ ತಿಳಿದಿರಬೇಕು. ಮನೆಯಲ್ಲಿ ಸಹಜವಾಗಿ ತೀರಿಕೊಂಡವರ ಕಣ್ಣು ಕೊಡಬಹುದು. ಹೃದಯ, ಯಕೃತ್ತು, ಮೂತ್ರಪಿಂಡಗಳನ್ನು ಹಾಗೆ ಕೊಡಲಾಗದು. ಸಾಮಾನ್ಯವಾಗಿ ಆಸ್ಪತ್ರೆಯ ಐಸಿಯುನಲ್ಲಿ ಮೆದುಳು ಸತ್ತು, ಯಂತ್ರದ ನೆರವಿನಿಂದ ಹೃದಯ ಬಡಿಯುತ್ತಿರುವ ಸ್ಥಿತಿಯಲ್ಲಿ ಮಾತ್ರ ಅದು ಸಾಧ್ಯ. ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕೆಂದು 1994ರ ಅಂಗಾಂಗ ಕಸಿ ಕಾಯ್ದೆ ಹೇಳುತ್ತದೆ. ಕರ್ನಾಟಕದಲ್ಲಿ ಯಾವ ಅಂಗ ಯಾರಿಗೆ ಎಂಬುದನ್ನು ಸರ್ಕಾರಿ ಸಂಸ್ಥೆ ‘ಜೀವಸಾರ್ಥಕತೆ’ ಕಾಯುವವರ ಪಟ್ಟಿಯ ಪ್ರಕಾರ ತೀರ್ಮಾನಿಸುತ್ತದೆ. ಆಧಾರ್ ಬಳಸಿ ರಾಷ್ಟ್ರೀಯ ಸಂಸ್ಥೆ ‘ನೋಟೋ’ದ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ನೋಂದಾಯಿಸಿಕೊಳ್ಳಬಹುದು. ಇಲ್ಲಿಯೂ ಕೊನೆಯ ಮಾತು ಮನೆಯವರದೇ.

ವೈದ್ಯಕೀಯ ಕಾಲೇಜಿಗೆ ದೇಹದಾನ ಮಾಡುವುದು ಮೂರನೆಯ ದಾರಿ. ಅಂಗಾಂಗ ತೆಗೆದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಣ್ಣು ಮಾತ್ರ ಕೊಟ್ಟಿದ್ದರೆ ಒಪ್ಪುತ್ತವೆ. ಆದ್ದರಿಂದ ಎರಡಕ್ಕೂ ಹೆಸರು ಕೊಟ್ಟವರು ಯಾವುದಕ್ಕೆ ಮೊದಲ ಆದ್ಯತೆ ಎಂಬುದನ್ನು ಮನೆಯಲ್ಲಿ ಹೇಳಿಡಬೇಕು.

ರಕ್ತ: ಒಂದೇ ದಿನ ಎಲ್ಲರೂ ಬೇಡ

ಹುಟ್ಟುಹಬ್ಬದ ರಕ್ತದಾನ ಶಿಬಿರ ಅಭಿಮಾನಿ ಸಂಘಗಳ ಅಚ್ಚುಮೆಚ್ಚಿನ ಕಾರ್ಯಕ್ರಮ. ಉದ್ದೇಶ ಒಳ್ಳೆಯದು, ಲೆಕ್ಕ ತಪ್ಪಬಾರದು ಅಷ್ಟೇ. ಕೆಂಪು ರಕ್ತಕಣಗಳನ್ನು ಸುಮಾರು 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಬಾಳುವುದು ಐದೇ ದಿನ. ಒಂದೇ ದಿನ ಐನೂರು ಯೂನಿಟ್ ಬಂದು ಬಿದ್ದರೆ ರಕ್ತನಿಧಿ ಅದನ್ನು ಬಳಸಿ ಮುಗಿಸುವುದು ಕಷ್ಟ. ಮೇಲಾಗಿ ಅಷ್ಟೂ ದಾನಿಗಳು ಮುಂದಿನ ಮೂರು ತಿಂಗಳು ಮತ್ತೆ ಕೊಡುವಂತಿಲ್ಲ. ಮಳೆಗಾಲದಲ್ಲಿ ಡೆಂಗಿ ಹೆಚ್ಚಿ ಪ್ಲೇಟ್‌ಲೆಟ್‌ಗೆ ಹಾಹಾಕಾರ ಎದ್ದಾಗ ದಾನಿಗಳು ಬೇಕಾಗುತ್ತಾರೆ.

ಆದ್ದರಿಂದ ಶಿಬಿರಕ್ಕೆ ತಾರೀಕು ಗೊತ್ತುಮಾಡುವ ಮುನ್ನ ಪರವಾನಗಿ ಇರುವ ರಕ್ತನಿಧಿಯವರನ್ನು ಕೇಳಿ: ಎಷ್ಟು ಯೂನಿಟ್ ಬೇಕು, ಯಾವ ತಿಂಗಳಲ್ಲಿ ಕೊರತೆ? ಸಂಘದ ಸದಸ್ಯರನ್ನು ನಾಲ್ಕು ಗುಂಪು ಮಾಡಿ. ಒಂದು ಗುಂಪು ಹುಟ್ಟುಹಬ್ಬಕ್ಕೆ ಕೊಡಲಿ, ಉಳಿದವು ವರ್ಷದ ಬೇರೆ ಬೇರೆ ತಿಂಗಳಲ್ಲಿ. ಯಾರ ಗುಂಪು ಯಾವುದು, ಕೊನೆಯ ಬಾರಿ ಕೊಟ್ಟದ್ದು ಯಾವಾಗ ಎಂಬ ಪಟ್ಟಿ ಸಂಘದ ಬಳಿ ಇದ್ದರೆ ನಡುರಾತ್ರಿಯ ಕರೆಗೂ ಉತ್ತರ ಕೊಡಬಹುದು.

ನಿಯಮಗಳು ಸರಳ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಹೆಚ್ಚು. ಗಂಡಸರಿಗೆ ಎರಡು ದಾನಗಳ ನಡುವೆ 90 ದಿನ, ಹೆಂಗಸರಿಗೆ 120 ದಿನ ಅಂತರ. ಖಾಲಿ ಹೊಟ್ಟೆಯಲ್ಲಿ, ನಿದ್ದೆಗೆಟ್ಟು ಬಂದವರನ್ನು ಕೂರಿಸಬೇಡಿ. ಮೊದಲ ದಿನ ಮೊದಲ ಆಟಕ್ಕೆ ರಾತ್ರಿಯಿಡೀ ಟಾಕೀಸಿನ ಮುಂದೆ ಕಾದವರಿಗೆ ಈ ಮಾತು ವಿಶೇಷವಾಗಿ ಅನ್ವಯ. ರಕ್ತ ಕೊಟ್ಟವರಿಗೆ ಸಿನಿಮಾ ಟಿಕೆಟ್ಟು, ಬಹುಮಾನಗಳ ಆಮಿಷವೂ ಬೇಡ. ಆಸೆಗೆ ಬಿದ್ದವರು ಕಾಯಿಲೆ ಮುಚ್ಚಿಟ್ಟು ಕೊಡುವ ಅಪಾಯವಿದೆ. ಬಿಸ್ಕತ್ತು, ಹಣ್ಣಿನ ರಸ, ಪ್ರಮಾಣಪತ್ರ ಸಾಕು.

ಹೃದಯ: ಎರಡು ಕೈ ಕಲಿಯಬೇಕಾದ ಕೆಲಸ

ಪುನೀತ್ ಅಗಲಿಕೆಯ ನಂತರ ರಾಜ್ಯ ಸರ್ಕಾರ ಅವರ ಹೆಸರಿನಲ್ಲೇ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ಯೋಜನೆಗೆ ಒಳಪಟ್ಟ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಹೃದಯಾಘಾತ ಪತ್ತೆಯಾದರೆ, ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಇದರ ತಿರುಳು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ವಿಚಾರಿಸಿ ಊರಿನವರಿಗೆ ತಿಳಿಸುವುದೇ ಅಭಿಮಾನಿ ಸಂಘ ಮಾಡಬಹುದಾದ, ಬಿಡಿಗಾಸು ಖರ್ಚಿಲ್ಲದ ಸೇವೆ. ಎದೆ ಹಿಂಡಿದಂತಾಗಿ ಬೆವರು ಸುರಿಯುತ್ತಿದ್ದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿಸಿ ಕೂರಿಸುವ ಅಭ್ಯಾಸ ಹೋಗಬೇಕು.

ಸಂಘ ಮಾಡಬಹುದಾದ ಎರಡನೆಯ ಸೇವೆ ಸಿಪಿಆರ್, ಅಂದರೆ ಎದೆ ಒತ್ತಿ ಜೀವ ಉಳಿಸುವ ತರಬೇತಿ. ವ್ಯಕ್ತಿ ಕುಸಿದುಬಿದ್ದು, ಭುಜ ತಟ್ಟಿ ಕರೆದರೂ ಓಗೊಡದೆ, ಉಸಿರಾಟವೂ ಸಹಜವಾಗಿಲ್ಲದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ಎದೆಯ ನಟ್ಟನಡುವೆ ಅಂಗೈ ಬುಡವಿಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಸುಮಾರು 5 ಸೆಂಟಿಮೀಟರ್ ಆಳ. ನೆರವು ಬರುವವರೆಗೆ ನಿಲ್ಲಿಸಬಾರದು. ಓದಿದರೆ ಇದು ಬರುವುದಿಲ್ಲ, ಬೊಂಬೆಯ ಮೇಲೆ ಕೈಯಾರೆ ಕಲಿಯಬೇಕು. ಹತ್ತಿರದ ವೈದ್ಯಕೀಯ ಕಾಲೇಜನ್ನೋ ರೆಡ್‌ಕ್ರಾಸ್ ಶಾಖೆಯನ್ನೋ ಕೇಳಿದರೆ ತರಬೇತಿಗೆ ದಾರಿ ಸಿಗುತ್ತದೆ. ಸರ್ಕಾರ ‘ಸ್ಫೂರ್ತಿ ದಿನ’ವೆಂದು ಘೋಷಿಸಿರುವ ಪುನೀತ್ ಜನ್ಮದಿನ ಮಾರ್ಚ್ 17ಕ್ಕೆ ಇದಕ್ಕಿಂತ ಹೊಂದುವ ಕಾರ್ಯಕ್ರಮ ಬೇರೆ ಬೇಕೆ?

ಆಶ್ರಮ, ಶಾಲೆ, ಕೆರೆ: ಕೇಳಿ ಕೊಡಿ

ನಟರ ಹುಟ್ಟುಹಬ್ಬದಂದು ಅನಾಥಾಶ್ರಮಗಳಲ್ಲಿ ಒಂದೇ ದಿನ ಮೂರು ಸಂಘಗಳಿಂದ ಊಟ ಬರುತ್ತದೆ, ಮರುವಾರ ಯಾರೂ ಇರುವುದಿಲ್ಲ. ಹೋಗುವ ಮುನ್ನ ಮೇಲ್ವಿಚಾರಕರನ್ನು ಕೇಳಿ. ಅವರು ಹೇಳುವುದು ಬಹುಶಃ ಕೇಕ್ ಆಗಿರುವುದಿಲ್ಲ. ಸ್ಯಾನಿಟರಿ ಪ್ಯಾಡು, ಒಳ ಉಡುಪು, ಔಷಧಿ, ಪರೀಕ್ಷಾ ಶುಲ್ಕ, ಮನೆಪಾಠ ಹೇಳಿಕೊಡುವ ಒಬ್ಬರು ಇಂಥ ಪಟ್ಟಿ ಸಿಗುತ್ತದೆ.

ಮಕ್ಕಳ ಮುಖ ಕಾಣುವ ಫೋಟೊ ತೆಗೆದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಪಾಲನೆ, ರಕ್ಷಣೆಯಲ್ಲಿರುವ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ನೊಂದ ಹೆಣ್ಣುಮಕ್ಕಳ ನೆಲೆಗಳಿಗಂತೂ ಮುಂಚಿತ ಅನುಮತಿ ಇಲ್ಲದೆ ಹಾರ, ತಮಟೆಯೊಂದಿಗೆ ನುಗ್ಗಬಾರದು. ಅಲ್ಲಿರುವವರಲ್ಲಿ ಕೆಲವರು ಯಾರಿಂದಲೋ ತಪ್ಪಿಸಿಕೊಂಡು ಬಂದವರು.

ಸರ್ಕಾರಿ ಶಾಲೆಗೆ ನೆರವಾಗುವುದಾದರೆ ಮುಖ್ಯಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಜೊತೆ ಕೂತು ಮಾತಾಡಿ. ಗೋಡೆಗೆ ಬಣ್ಣ ಬಳಿಯುವುದಕ್ಕಿಂತ ಶೌಚಾಲಯಕ್ಕೆ ನೀರಿನ ಸಂಪರ್ಕ ತುರ್ತಾಗಿರಬಹುದು. ಕೆರೆಯ ಹೂಳೆತ್ತುವುದಾದರೆ ಗ್ರಾಮ ಪಂಚಾಯಿತಿ ಮತ್ತು ಕೆರೆ ಯಾವ ಇಲಾಖೆಗೆ ಸೇರಿದೆಯೋ ಅವರ ಅನುಮತಿ ಮೊದಲು. ಕೆಲಸ ಮುಂಗಾರಿಗೆ ಮುನ್ನ ಮುಗಿಯಬೇಕು. ತೆಗೆದ ಗೋಡು ಯಾರ ಹೊಲಕ್ಕೆ ಹೋಗಬೇಕೆಂಬುದೂ ಮೊದಲೇ ನಿರ್ಧಾರವಾಗಿರಬೇಕು. ಇಲ್ಲದಿದ್ದರೆ ಅದು ದಡದಲ್ಲೇ ರಾಶಿಬಿದ್ದು ಮೊದಲ ಮಳೆಗೆ ಮತ್ತೆ ಕೆರೆ ಸೇರುತ್ತದೆ.

ಹಣ: ಕಳಿಸುವ ಮುನ್ನ

ನಟನ ಹೆಸರಿನಲ್ಲಿ ಹಣ ಕೇಳುವವರೆಲ್ಲ ನಟನ ಕಡೆಯವರಲ್ಲ. ದನಿಯನ್ನೂ ಮುಖವನ್ನೂ ಕಂಪ್ಯೂಟರ್‌ನಲ್ಲಿ ನಕಲು ಮಾಡುವ ಕಾಲವಿದು. ವಿಡಿಯೊದಲ್ಲಿ ಅವರೇ ಮಾತಾಡಿದಂತೆ ಕಂಡರೂ ಪರಿಶೀಲಿಸಿ.

• ಕರೆ ನಟನ ಅಧಿಕೃತ ಖಾತೆಯಲ್ಲಿದೆಯೇ? ವಾಟ್ಸ್‌ಆ್ಯಪ್‌ನಲ್ಲಿ ಹರಿದುಬಂದದ್ದನ್ನು ನೆಚ್ಚಬೇಡಿ.
• ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ಟ್ರಸ್ಟಿನದೋ, ಯಾವುದೋ ವ್ಯಕ್ತಿಯದೋ? ವ್ಯಕ್ತಿಯದಾದರೆ ಅಲ್ಲಿಗೇ ನಿಲ್ಲಿಸಿ.
• ಟ್ರಸ್ಟಿನ ನೋಂದಣಿ ಸಂಖ್ಯೆ, ಪ್ಯಾನ್ ಕೇಳಿ. ನೀತಿ ಆಯೋಗದ ‘ದರ್ಪಣ್’ ಪೋರ್ಟಲ್‌ನಲ್ಲಿ ಹೆಸರಿದೆಯೇ ನೋಡಿ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಸಂಸ್ಥೆ ಪ್ರಾಮಾಣಿಕವೆಂದು ಅರ್ಥವಲ್ಲ, ವಿಚಾರಿಸಲು ಅದೊಂದು ಆರಂಭ.
• ಕಳೆದ ವರ್ಷ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಲೆಕ್ಕಪತ್ರ ಕೇಳಿ. ನೇರ ಉತ್ತರ ಕೊಡುವವರಿಗೆ ಕೊಡಿ.
• ‘ಇಂದೇ, ಈಗಲೇ’ ಎಂದು ಅವಸರಿಸುವವರನ್ನು ನಾಳೆಗೆ ಮುಂದೂಡಿ.

ತೆರಿಗೆ ವಿನಾಯಿತಿ ಬೇಕಾದವರು ಸಂಸ್ಥೆಗೆ 80ಜಿ ಮಾನ್ಯತೆ ಇದೆಯೇ, ಅದು ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ನಿನ ಸಂಖ್ಯೆ ಬದಲಾಗಿದ್ದರೂ ಜನರ ಬಾಯಲ್ಲಿ ಉಳಿದಿರುವುದು ಇದೇ ಹೆಸರು. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೂ ಈ ವಿನಾಯಿತಿ ಇಲ್ಲ. ರಸೀದಿಯ ಜೊತೆಗೆ, ಸಂಸ್ಥೆ ಆದಾಯ ತೆರಿಗೆ ಪೋರ್ಟಲ್‌ನಿಂದ ತೆಗೆದುಕೊಡುವ ದೇಣಿಗೆ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.

ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶಗಳ ಕನ್ನಡಿಗರಿಗೆ ಇನ್ನೊಂದು ನಿಯಮ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸದು. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅಂಥ ಹಣವನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಾದ ಎಫ್‌ಸಿಆರ್‌ಎ ಅನುಮತಿ ಇರುವ ಸಂಸ್ಥೆ ಮಾತ್ರ, ಅದಕ್ಕೆಂದೇ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಯ ಮೂಲಕ ಪಡೆಯಬಹುದು. ಪ್ರೀತಿಯಿಂದ ಕಳಿಸಿದ ಹಣ ಊರಿನ ಸಣ್ಣ ಸಂಸ್ಥೆಯೊಂದನ್ನು ಕಾನೂನಿನ ಇಕ್ಕಟ್ಟಿಗೆ ಸಿಕ್ಕಿಸಬಾರದು.

ಸಂಘ ನಡೆಸುವವರಿಗೆ

ನೀವೇ ವಂತಿಗೆ ಎತ್ತುವವರಾದರೆ ಇದೇ ಅಳತೆಗೋಲು ನಿಮಗೂ ಅನ್ವಯಿಸುತ್ತದೆ. ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ಖಾತೆ ಸಂಘದ ಹೆಸರಿನಲ್ಲಿರಲಿ, ಇಬ್ಬರ ಸಹಿ ಇಲ್ಲದೆ ಹಣ ಹೊರಬರದಂತಿರಲಿ. ಹತ್ತು ರೂಪಾಯಿಗೂ ರಸೀದಿ ಹರಿಯಿರಿ. ಕಾರ್ಯಕ್ರಮ ಮುಗಿದ ವಾರದೊಳಗೆ ಜಮಾ–ಖರ್ಚು ಗ್ರೂಪಿಗೆ ಹಾಕಿ. ಪುಟ್ಟ ಸಂಘಕ್ಕೆ ಇಷ್ಟೆಲ್ಲ ಆಗದೆಂದರೆ ಹಣವನ್ನು ಮುಟ್ಟಲೇಬೇಡಿ. ಸದಸ್ಯರು ನೇರವಾಗಿ ಟ್ರಸ್ಟಿಗೇ ಕಳಿಸಲಿ, ನೀವು ಜನ ಕೂಡಿಸುವ ಕೆಲಸ ನೋಡಿಕೊಳ್ಳಿ.

ನಟನ ದಾನದ ಬಗ್ಗೆ ಹೇಳುವಾಗಲೂ ಲೆಕ್ಕ ಸರಿಯಿರಲಿ. ಪುನೀತ್ ನಿಧನದ ಬೆನ್ನಿಗೆ ಇಷ್ಟು ಶಾಲೆ, ಇಷ್ಟು ವೃದ್ಧಾಶ್ರಮ, ಇಷ್ಟು ಗೋಶಾಲೆ ಎಂಬ ಪಟ್ಟಿ ಭಾಷೆ ಭಾಷೆಗಳಲ್ಲಿ ಹರಿದಾಡಿತು. ಅಂಕಿಗಳಿದ್ದವು, ಊರಿನ ಹೆಸರಿರಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಡೆದವರ ಹೆಸರಿಗೆ ಪರಿಶೀಲಿಸಲಾಗದ ಸಂಖ್ಯೆ ಅಂಟಿಸಿದರೆ, ನಿಜವಾಗಿ ಮಾಡಿದ್ದೂ ಅನುಮಾನಕ್ಕೆ ಗುರಿಯಾಗುತ್ತದೆ. ಶಕ್ತಿಧಾಮ ಇದೆ, ನೇತ್ರ ಬ್ಯಾಂಕ್ ಇದೆ, ಹೋಗಿ ನೋಡಬಹುದು. ಹಂಚಿಕೊಳ್ಳಲು ಅಷ್ಟು ಸಾಕು.

ವರ್ಷದ ಪಟ್ಟಿ

ಒಂದೇ ದಿನ ಎಲ್ಲ ಮಾಡುವ ಬದಲು ವರ್ಷಕ್ಕೆ ಹಂಚಿ. ಮಾರ್ಚ್ 17ಕ್ಕೆ ಸಿಪಿಆರ್ ತರಬೇತಿ. ಏಪ್ರಿಲ್ 24, ರಾಜ್‌ಕುಮಾರ್ ಜನ್ಮದಿನದಂದು ನೇತ್ರದಾನದ ಅರ್ಜಿ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಪುಸ್ತಕ, ಶುಲ್ಕ. ಮಳೆಗಾಲದಲ್ಲಿ ರಕ್ತ. ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗಿನ ರಾಷ್ಟ್ರೀಯ ನೇತ್ರದಾನ ಪಾಕ್ಷಿಕದಲ್ಲಿ, ಹಿಂದೆ ಅರ್ಜಿ ತುಂಬಿದವರ ಮನೆಗೆ ಹೋಗಿ ‘ಮನೆಯವರಿಗೆ ಹೇಳಿದ್ದೀರಾ?’ ಎಂದು ಕೇಳುವ ಕೆಲಸ. ಹೊಸ ಅರ್ಜಿಗಳಷ್ಟೇ ಇದೂ ಮುಖ್ಯ. ಅಕ್ಟೋಬರ್ 29ಕ್ಕೆ ವರ್ಷದ ಲೆಕ್ಕ ಸಂಘದ ಮುಂದೆ.

ಇದರಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತೋಚದಿದ್ದರೆ, ಖರ್ಚಿಲ್ಲದ್ದರಿಂದ ಶುರುಮಾಡಿ. ಈ ಭಾನುವಾರ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತಾಗ ಎರಡು ಮಾತು ಹೇಳಿ: ‘ನಾನು ಹೋದ ಮೇಲೆ ನನ್ನ ಕಣ್ಣು ಕೊಡಬೇಕು. ನಂಬರ್ ಈ ಫೋನಿನಲ್ಲಿದೆ.’ ಅಮ್ಮ ‘ಬಿಡ್ತು ಅನ್ನು’ ಎಂದು ಗದರಿಯಾರು. ಪರವಾಗಿಲ್ಲ, ಅಣ್ಣಾವ್ರ ಮನೆಯಲ್ಲಿ ನಡೆದದ್ದನ್ನು ಅವರಿಗೂ ಹೇಳಿ. ಅಮ್ಮನ ಫೋನಿನ ನಂತರ ತಮ್ಮನ ಫೋನಿನಲ್ಲೂ ಆ ನಂಬರ್ ಸೇರಿಸಿ.